ಉತಾರದ ಹಿಂದಿನ ಅಚ್ಚು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವ ತಾಲ್ಲೂಕು ಕಚೇರಿಯಲ್ಲಿ ಜಮೀನಿನ ಉತಾರ (ಪಹಣಿ) ಕೇಳಿದರೂ ಒಂದೇ ನಮೂನೆಯ ಹಾಳೆ ಕೈಗೆ ಬರುತ್ತದೆ. ಸರ್ವೆ ನಂಬರು, ಹಿಸ್ಸಾ, ಖಾತೆದಾರರ ಹೆಸರು, ಎಕರೆ-ಗುಂಟೆ-ಆಣೆ. ಆ ಹಾಳೆ ಯಾವ ಕಪಾಟಿನಲ್ಲೂ ಇದ್ದದ್ದಲ್ಲ, ಕೇಳಿದ ಗಳಿಗೆಯಲ್ಲಿ ತಯಾರಾದದ್ದು. ಕಂಪ್ಯೂಟರಿನಲ್ಲಿ ಇರುವುದು ವಿವರ ಮತ್ತು ಒಂದು ಅಚ್ಚು. ವಿವರವನ್ನು ಅಚ್ಚಿಗೆ ಹಾಕಿದರೆ ಉತಾರ. ರಾಜ್ಯದ ಸುಮಾರು 2 ಕೋಟಿ ಕೈಬರಹದ ಪಹಣಿಗಳನ್ನು ಭೂಮಿ ಯೋಜನೆ ಎರಡು ದಶಕಗಳ ಹಿಂದೆ ಈ ದಾರಿಗೆ ತಂದಿತು.

ಪ್ರೋಗ್ರಾಂಗಳನ್ನೂ ಹೀಗೆ ಅಚ್ಚಿನಿಂದ ತೆಗೆಯಬಹುದು. ತಂತ್ರಾಂಶದವರು ಅದಕ್ಕೆ ಕೋಡ್ ಜನರೇಷನ್ ಅನ್ನುತ್ತಾರೆ.

ಅದರ ಅಗತ್ಯ ಏನೆಂದು ತಿಳಿಯಲು ಒಂದು ಗುಂಟೆಯನ್ನೇ ನೋಡೋಣ. 40 ಗುಂಟೆಗೆ 1 ಎಕರೆ. ಹಾಗಾಗಿ ಗುಂಟೆಯ ಅಂಕಣದಲ್ಲಿ 39ಕ್ಕಿಂತ ಹೆಚ್ಚು ಬರಬಾರದು. ನಮ್ಮ ಕಡೆ ಶಾಲೆಯ ಮೆಟ್ಟಿಲು ಹತ್ತದ ಒಕ್ಕಲಿಗನಿಗೂ ಗೊತ್ತಿರುವ ಲೆಕ್ಕ ಇದು. ಆದರೆ ದೊಡ್ಡ ತಂತ್ರಾಂಶದಲ್ಲಿ ಈ ನಿಯಮವನ್ನು ವಿವರ ತುಂಬುವ ಪರದೆಗೆ ಒಮ್ಮೆ, ದತ್ತಾಂಶ ಇಡುವ ಕಡೆ ಒಮ್ಮೆ, ಬೇರೆ ಇಲಾಖೆಗೆ ಕಳಿಸುವ ಕಡೆ ಮತ್ತೊಮ್ಮೆ ಬರೆಯಬೇಕಾಗುತ್ತದೆ. ಒಂದು ಕಡೆ ಮರೆತರೆ ಸಾಕು, 2 ಎಕರೆ 45 ಗುಂಟೆ ಎಂಬ ಇಲ್ಲದ ಅಳತೆ ದಾಖಲೆಗೆ ಸೇರುತ್ತದೆ. ಬರೆಯುವವರು ದಡ್ಡರೆಂದಲ್ಲ. ಒಂದೇ ಮಾತನ್ನು ಮೂರು ಕಡೆ ನಕಲು ಮಾಡುವಾಗ ಎಂಥವರ ಕಣ್ಣೂ ತಪ್ಪುತ್ತದೆ.

ಸನ್ ಮೈಕ್ರೋಸಿಸ್ಟಮ್ಸ್ 1998ರಲ್ಲಿ ತಂದ ಎಂಟರ್‌ಪ್ರೈಸ್ ಜಾವಾಬೀನ್ಸ್‌ನಲ್ಲಿ ಈ ಕಾಟ ವಿಪರೀತವಾಗಿತ್ತು. ಬ್ಯಾಂಕು, ವಿಮೆಯಂಥ ದೊಡ್ಡ ವ್ಯವಹಾರಗಳ ತಂತ್ರಾಂಶವನ್ನು ಬಿಡಿ ಬಿಡಿ ಘಟಕಗಳಾಗಿ ಕಟ್ಟುವ ಪದ್ಧತಿ ಅದು. ಆಲೋಚನೆ ಒಳ್ಳೆಯದೇ. ಆದರೆ ‘ಖಾತೆದಾರ’ ಎಂಬ ಒಂದೇ ಘಟಕಕ್ಕೆ ನಿಜವಾದ ಕೆಲಸದ ಕಡತವಲ್ಲದೆ, ಹೊರಗಿನವರು ಅದನ್ನು ಕರೆಯಲು ಒಂದು, ಹುಟ್ಟಿಸಿ ಹುಡುಕಲು ಇನ್ನೊಂದು, ಇವೆಲ್ಲದರ ವಿವರಣೆಗೆ ಮತ್ತೊಂದು ಕಡತ ಬೇಕಿತ್ತು. ಒಂದು ಅಂಕಣ ಸೇರಿಸಿದರೆ ಎಲ್ಲವನ್ನೂ ತಡಕಾಡಬೇಕು. ಆಗ ಎಕ್ಸ್‌ಡಾಕ್ಲೆಟ್ ಎಂಬ ಸಾಧನ ಬಂತು. ಕೆಲಸದ ಕಡತವೊಂದನ್ನು ಬರೆದು, ಅದರ ಟಿಪ್ಪಣಿಯಲ್ಲೇ ಕೆಲವು ಗುರುತು ಹಾಕಿದರೆ ಉಳಿದ ಕಡತಗಳನ್ನು ಅದೇ ಹೆಣೆಯುತ್ತಿತ್ತು. 2006ರ ಹೊತ್ತಿಗೆ ಜಾವಾದ ಹೊಸ ಆವೃತ್ತಿಯೇ ಇಂಥ ಗುರುತುಗಳನ್ನು ಒಪ್ಪಿಕೊಂಡು, ಆ ಕಡತಗಳಲ್ಲಿ ಬಹುಪಾಲನ್ನು ಬೇಡವಾಗಿಸಿತು.

ಮತ್ತೆ ನಮ್ಮ ತಾಲ್ಲೂಕು ಕಚೇರಿಗೇ ಬರೋಣ. ಹಿರೇಕೆರೂರಿನಿಂದ ರಟ್ಟೀಹಳ್ಳಿ ಬೇರೆಯಾಗಿ ಹೊಸ ತಾಲ್ಲೂಕಾಯಿತು. ಜನರಿಗೆ ಅದು ಹತ್ತಿರದಲ್ಲೇ ಕಚೇರಿ ಸಿಕ್ಕ ಸಮಾಧಾನ. ತಂತ್ರಾಂಶಕ್ಕೆ ಅದು ಪರೀಕ್ಷೆ: ತಾಲ್ಲೂಕುಗಳ ಪಟ್ಟಿ ಒಂದೇ ಕಡೆ ಇದ್ದರೆ ಒಂದು ಸಾಲಿನ ಕೆಲಸ, ಹತ್ತು ಕಡೆ ಹರಡಿದ್ದರೆ ತಿಂಗಳುಗಟ್ಟಲೆ ಗೋಳು. ಆ ಗೋಳು ಕೊನೆಗೆ ಮುಟ್ಟುವುದು ಸರತಿಯಲ್ಲಿ ನಿಂತವರಿಗೆ. ಅದಕ್ಕೇ ಇದನ್ನು ಬರೀ ಎಂಜಿನಿಯರುಗಳ ವಿಷಯವೆಂದು ನಾನು ಬಿಡಲಾರೆ.

ಅಚ್ಚೇ ಓರೆಯಾಗಿದ್ದರೆ ಎಲ್ಲ ಕಡತಗಳೂ ಓರೆಯಾಗುತ್ತವೆ, ನಿಜ. ಆದರೂ ಎಲ್ಲವೂ ಒಂದೇ ರೀತಿ ಓರೆಯಾಗುವುದರಿಂದ ಕಣ್ಣಿಗೆ ಬೀಳುವುದು ಸುಲಭ, ಸರಿಪಡಿಸುವುದೂ ಒಂದೇ ಸಲ. ಇವತ್ತು ಕೃತಕ ಬುದ್ಧಿಮತ್ತೆ ಬರೆದುಕೊಡುವ ಕೋಡ್‌ಗೆ ಈ ಗುಣವಿಲ್ಲ. ಅಚ್ಚು ಅದೇ ವಿವರಕ್ಕೆ ಅದೇ ಕೋಡ್ ಕೊಡುತ್ತದೆ. ಕೃತಕ ಬುದ್ಧಿಮತ್ತೆಯಾದರೆ ಇವತ್ತೊಂದು, ನಾಳೆ ಇನ್ನೊಂದು ಕೊಡಬಹುದು. ಎರಡನ್ನೂ ಒಂದೇ ಎಂದುಕೊಳ್ಳಬಾರದು.

ಅಚ್ಚಿನಿಂದ ಬಂದ ಕಡತದ ತಲೆಯಲ್ಲಿ ಸಾಮಾನ್ಯವಾಗಿ ಒಂದು ಎಚ್ಚರಿಕೆ ಇರುತ್ತದೆ: ಇದನ್ನು ಕೈಯಿಂದ ತಿದ್ದಬೇಡಿ. ಅವಸರದಲ್ಲಿರುವವರು ಅದನ್ನು ದಾಟಿ ತಿದ್ದಿಬಿಡುತ್ತಾರೆ. ಉತಾರದಲ್ಲಿ ಅಪ್ಪನ ಹೆಸರು ತಪ್ಪಾಗಿದೆಯೆಂದು ರೈತನೊಬ್ಬ ಹಾಳೆಯ ಮೇಲೆಯೇ ಪೆನ್ನಿನಿಂದ ಸರಿ ಮಾಡಿಕೊಂಡಂತೆ ಅದು. ತಿದ್ದುಪಡಿಗೆ ಅರ್ಜಿ ಕೊಟ್ಟು ಮೂಲದಲ್ಲೇ ಬದಲಾಯಿಸುವ ತನಕ, ಮುಂದಿನ ಸಲ ತೆಗೆಸಿದ ಉತಾರದಲ್ಲಿ ಅದೇ ಹಳೆಯ ಹೆಸರು ಬರುತ್ತದೆ.