ಅಂಡರ್‌ರೇಟ್ ಮಾಡಿದ್ದು ಯಾರು?

ಸೋಮವಾರ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ನಮ್ಮ ಟೀಮಿನಲ್ಲಿ ಒಬ್ಬರಾದರೂ ಆ ಪದ ಹೇಳಿಯೇ ಹೇಳುತ್ತಾರೆ. ಈ ವಾರ ಪಕ್ಕದ ಸೀಟಿನವನ ಸರದಿ. ‘ಗುರು, ಶಾಖಾಹಾರಿ ನೋಡ್ದೆ. ಸಖತ್ತಾಗಿದೆ. ಎಂಥಾ ಅಂಡರ್‌ರೇಟೆಡ್ ಸಿನಿಮಾ ಮಾರಾಯ!’ ಆಮೇಲೆ ಒಂದು ನಿಟ್ಟುಸಿರು. ‘ನಮ್ ಜನಕ್ಕೆ ಟೇಸ್ಟೇ ಇಲ್ಲ ಬಿಡು.’

‘ರಿಲೀಸ್ ಆದಾಗ ನೋಡ್ಲಿಲ್ವಾ?’ ಅಂದೆ.

‘ಇಲ್ಲ, ಪ್ರೈಮ್‌ಗೆ ಬಂದ್ಮೇಲೆ.’

‘ಥಿಯೇಟರಲ್ಲಿದೆ ಅಂತ ಗೊತ್ತಿತ್ತಾ?’

‘ಗೊತ್ತಿತ್ತು. ಟ್ರೇಲರ್ ನೋಡಿದ್ದೆ. ಹೆಂಗೂ ಓಟಿಟಿಗೆ ಬರುತ್ತಲ್ಲ ಅಂತ...’

ಹಾಗಾದ್ರೆ ಅಂಡರ್‌ರೇಟ್ ಮಾಡಿದ್ದು ಯಾರಪ್ಪ? ಅವನು ಮೊಸರನ್ನಕ್ಕೆ ಉಪ್ಪಿನಕಾಯಿ ಕಲಸಿಕೊಳ್ಳುವುದರಲ್ಲಿ ಬಿಜಿ ಆದ.

ಈ ಪದದ ಗಮ್ಮತ್ತೇ ಅದು. ಅದರಲ್ಲಿ ಕರ್ತೃ ಇಲ್ಲ. ಸಿನಿಮಾ ‘ಕಡೆಗಣಿಸಲ್ಪಟ್ಟಿದೆ’. ಯಾರಿಂದ? ಗೊತ್ತಿಲ್ಲ. ಯಾರೋ ಟೇಸ್ಟಿಲ್ಲದ ಜನರಿಂದ, ಗಾಂಧಿನಗರದಿಂದ, ವ್ಯವಸ್ಥೆಯಿಂದ. ನಾನು ಮಾತ್ರ ಅಲ್ಲ. ಆ ಪದ ಹೇಳಿದ ತಕ್ಷಣ ನಾನು ಅಪರಾಧಿಗಳ ಸಾಲಿನಿಂದ ಎದ್ದು ನ್ಯಾಯಾಧೀಶರ ಕುರ್ಚಿಗೆ ಬಂದು ಕೂತೆ. ಜೊತೆಗೆ ನನ್ನ ಅಭಿರುಚಿ ಬೇರೆಯವರದ್ದಕ್ಕಿಂತ ಒಂದು ಮೆಟ್ಟಿಲು ಮೇಲೆ ಅಂತಲೂ ಸಾಬೀತಾಯಿತು. ಖರ್ಚು? ಸೊನ್ನೆ.

ನನ್ನ ಲೆಕ್ಕ ಮೊದಲು ಒಪ್ಪಿಸಿಬಿಡುತ್ತೇನೆ. 2014ರ ಮಾರ್ಚ್‌ನಲ್ಲಿ ‘ಉಳಿದವರು ಕಂಡಂತೆ’ ಬಂದಾಗ ನಾನು ಬೆಂಗಳೂರಲ್ಲೇ ಇದ್ದೆ. ಕೈಯಲ್ಲಿ ಸಂಬಳ ಇತ್ತು, ವೀಕೆಂಡ್ ಖಾಲಿ ಇತ್ತು. ಯಾರೋ ‘ಸ್ಲೋ, ಅರ್ಥ ಆಗಲ್ಲ’ ಅಂದರು, ಅಷ್ಟೇ ಸಾಕಾಯ್ತು. ಆಮೇಲೊಂದು ದಿನ ರೂಮ್‌ಮೇಟ್ ಪೆನ್‌ಡ್ರೈವ್‌ನಲ್ಲಿ ತಂದಾಗ, ಮಧ್ಯೆ ಎರಡು ಸಲ ಮ್ಯಾಗಿ ಮಾಡೋಕೆ ಎದ್ದುಕೊಂಡು, ಲ್ಯಾಪ್‌ಟಾಪಿನಲ್ಲಿ ನೋಡಿದೆ. ಮಲ್ಪೆಯ ಕಡಲು, ಅಷ್ಟಮಿಯ ಹುಲಿವೇಷ, ಅಜನೀಶ್ ಲೋಕನಾಥ್ ಸಂಗೀತ, ಎಲ್ಲವೂ ಆ ತಗಡು ಸ್ಪೀಕರಿನಲ್ಲಿ, ಹದಿನೈದು ಇಂಚಿನೊಳಗೆ. ಮುಗಿದ ಕೂಡಲೇ ನಾಲ್ಕು ಜನಕ್ಕೆ ಮೆಸೇಜ್ ಹಾಕಿದೆ. ಯಾವ ಪದ ಬಳಸಿದೆ ಅಂತ ಬೇರೆ ಹೇಳಬೇಕಿಲ್ಲ.

ಹೋದ ವಾರ ಅದನ್ನೇ ಮತ್ತೆ ನೋಡಿದೆ, ಈ ಸಲ ಎದ್ದು ಹೋಗದೆ. ಒಂದು ಕೊಲೆಯ ಸುತ್ತ ಬೇರೆ ಬೇರೆಯವರು ಕಂಡಷ್ಟನ್ನು ಹೇಳುತ್ತಾ ಹೋಗುವ ರೀತಿ ಈಗಲೂ ಹಿಡಿದು ಕೂರಿಸುತ್ತದೆ. ತಾರಾ ಅವರ ರತ್ನಕ್ಕ, ‘ಡೆಮಾಕ್ರಸಿ’ ಅನ್ನೋ ಹೆಸರಿನ ಆ ಹುಡುಗ, ಕಿಶೋರ್ ಅವರ ಮುನ್ನ, ಇವರೆಲ್ಲ ಚಂದ. ಆದರೆ ನಿರ್ದೇಶಕರಿಗೆ ರಿಚ್ಚಿಯ ನಡಿಗೆ ಮೇಲೆ ಸ್ವಲ್ಪ ಜಾಸ್ತಿಯೇ ಪ್ರೀತಿ. ಅವನು ನಿಧಾನಕ್ಕೆ ನಡೆದಾಡುವುದನ್ನು ಕತ್ತರಿಸಿದ್ದರೆ ಇನ್ನೂ ಎರಡು ಪಾತ್ರಗಳಿಗೆ ಉಸಿರಾಡಲು ಜಾಗ ಸಿಗುತ್ತಿತ್ತು. ಇದನ್ನು ಇಷ್ಟು ವರ್ಷ ನಾನು ಎಲ್ಲೂ ಹೇಳಿರಲಿಲ್ಲ. ಯಾಕೆ ಅಂದ್ರೆ ಅದು ‘ಅಂಡರ್‌ರೇಟೆಡ್’ ಅಲ್ವಾ! ಸತ್ತವರ ಬಗ್ಗೆ ಕೆಟ್ಟದ್ದು ಮಾತಾಡಬಾರದು ಅನ್ನೋ ಹಾಗೆ. ನಾವು ಬದುಕಿದ್ದಾಗ ಮಾತಾಡಿಸದೆ, ತಿಥಿಯ ದಿನ ಮಾತ್ರ ವಡೆ ತಿಂದು ಹೊಗಳುತ್ತೇವೆ. ಎರಡೂ ಸಿನಿಮಾಕ್ಕೆ ಮಾಡುವ ಮೋಸವೇ.

ಈಗ ಶಾಖಾಹಾರಿಗೆ ಬನ್ನಿ. ಮಲೆನಾಡಿನ ಸಣ್ಣ ಊರಲ್ಲಿ ಸಸ್ಯಾಹಾರಿ ಹೋಟೆಲ್ ನಡೆಸುವ ಸುಬ್ಬಣ್ಣ ಭಟ್ಟರು, ಅವರ ಹತ್ತಿರ ಬಂದು ಸೇರಿಕೊಳ್ಳುವ ಪೊಲೀಸರಿಂದ ತಪ್ಪಿಸಿಕೊಂಡ ಹುಡುಗ. ಅಲ್ಲಿಂದ ಮುಂದಿನದ್ದು ಹೇಳಿದರೆ ನೀವು ಬೈತೀರಿ. ನನಗೆ ಮುಖ್ಯವಾಗಿದ್ದು ರಂಗಾಯಣ ರಘು. ಇಷ್ಟು ವರ್ಷ ನಮ್ಮ ಸಿನಿಮಾದವರು ಆ ಮನುಷ್ಯನನ್ನು ಕಿರುಚಿಸಿದ್ದೇ ಕಿರುಚಿಸಿದ್ದು. ಇಲ್ಲಿ ಅವರು ಸುಮ್ಮನಿರುತ್ತಾರೆ. ಒಲೆ ಮುಂದೆ ನಿಂತು ಸುಮ್ಮನಿರುತ್ತಾರೆ, ಅದರಲ್ಲೇ ಭಯ ಹುಟ್ಟುತ್ತದೆ. ಪೊಲೀಸ್ ಆಗಿರುವ ಗೋಪಾಲಕೃಷ್ಣ ದೇಶಪಾಂಡೆ ಕೂಡ ಒಂದು ದನಿಯೂ ಏರಿಸದೆ ಅವರಿಗೆ ಸರಿಜೋಡಿಯಾಗಿ ನಿಲ್ಲುತ್ತಾರೆ. ಈ ಎರಡು ಮೌನಗಳನ್ನು ಕತ್ತಲೆಯ ಹಾಲ್‌ನಲ್ಲಿ, ಫೋನ್ ಗುಂಯ್ ಅನ್ನದೆ ನೋಡಬೇಕಿತ್ತು ಅಂತ ಸೋಫಾ ಮೇಲೆ ಕೂತು ಅನಿಸಿತು. ಹೌದು, ನಾನೂ ಸೋಫಾ ಮೇಲೇ.

ಇದು ಬಂದದ್ದು 2024ರ ಫೆಬ್ರವರಿ 16ಕ್ಕೆ. ಅದಾದ ಆರು ದಿನಕ್ಕೆ ‘ಮಂಜುಮ್ಮೆಲ್ ಬಾಯ್ಸ್’ ಬಂತು. ಅದಕ್ಕೆ ಎಲ್ಲರೂ ಹೋದೆವು. ನಾನೂ ಹೋದೆ. ಮಲಯಾಳಂ ಒಂದಕ್ಷರ ಬರಲ್ಲ, ಸಬ್‌ಟೈಟಲ್ ಓದ್ಕೊಂಡು, ರಾತ್ರಿ ಶೋಗೆ, ಟ್ರಾಫಿಕ್ಕಿನಲ್ಲಿ ಒಂದು ಗಂಟೆ ನಿಂತು. ಸಿನಿಮಾ ಅದ್ಭುತವಾಗಿತ್ತು, ಅದರಲ್ಲಿ ತಕರಾರಿಲ್ಲ. ಗುಣಾ ಗುಹೆಯೊಳಗೆ ಆ ಹುಡುಗ ಬಿದ್ದಾಗ ನಾನೂ ಸೀಟಿನ ಕೈ ಹಿಡ್ಕೊಂಡೆ. ಆದರೆ ಹೊರಗೆ ಬಂದು ಪಾರ್ಕಿಂಗ್‌ನಲ್ಲಿ ನಿಂತು ನಾವು ಆಡಿದ ಮಾತು ನೆನಪಿದೆ. ‘ನೋಡ್ರೀ ಮಲಯಾಳಂನವರನ್ನ, ನಮ್ಮೋರು ಯಾವಾಗ ಇಂಥವು ಮಾಡ್ತಾರೋ!’ ಆ ಹೊತ್ತಿನಲ್ಲಿ ಶಾಖಾಹಾರಿ ಬಂದು ಇನ್ನೂ ವಾರ, ಹತ್ತು ದಿನ ಆಗಿತ್ತು ಅಷ್ಟೇ. ಅದರ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಟಿಕೆಟ್ ರೇಟು ಜಾಸ್ತಿ ಅನ್ನೋರಿಗೆ ನನ್ನ ಉತ್ತರ ಈ ಪಾರ್ಕಿಂಗ್ ಲಾಟೇ. ಅವತ್ತು ಟಿಕೆಟ್ಟಿಗೂ ದುಡ್ಡಿತ್ತು, ಪಾಪ್‌ಕಾರ್ನಿಗೂ ಇತ್ತು. ಶೋ ಟೈಮಿನ ದೂರು ಮಾತ್ರ ನಿಜ. ಮಂಗಳವಾರ ಮಧ್ಯಾಹ್ನ ಒಂದೂವರೆಗೆ ಒಂದೇ ಶೋ, ಅದೂ ಊರಾಚೆ ಮಾಲ್‌ನಲ್ಲಿ ಇಟ್ಟರೆ ನಾನು ಮ್ಯಾನೇಜರ್‌ಗೆ ಏನಂತ ಹೇಳಿ ಎದ್ದು ಹೋಗಲಿ? ಪಬ್ಲಿಸಿಟಿಯಲ್ಲೂ ನಮ್ಮ ನಿರ್ಮಾಪಕರು ಮಹಾ ಸೋಮಾರಿಗಳು. ಆದರೆ ಮಂಗಳವಾರದ ಆ ಒಂದೂವರೆ ಶೋ ಆಕಾಶದಿಂದ ಉದುರಿದ್ದಲ್ಲ. ಶುಕ್ರವಾರ ಸಂಜೆಯ ಶೋ ಇತ್ತು, ಶನಿವಾರ ಇತ್ತು. ಖಾಲಿ ಸೀಟು ನೋಡಿ ಸೋಮವಾರ ಆ ಪರದೆಯನ್ನು ಇನ್ನೊಂದು ಸಿನಿಮಾಕ್ಕೆ ಕೊಟ್ಟರು. ಸಣ್ಣ ಸಿನಿಮಾದ ಆಯುಸ್ಸು ಆ ಮೂರು ದಿನ. ನಾವು ‘ಬಾಯಿಮಾತು ಬರಲಿ, ನೋಡೋಣ’ ಅಂತ ಕಾಯುವುದು ಸರಿಯಾಗಿ ಆ ಮೂರೇ ದಿನ. ಎಲ್ಲರೂ ಇನ್ನೊಬ್ಬರ ಬಾಯಿಗೆ ಕಾದರೆ ಬಾಯಿಮಾತು ಹುಟ್ಟುವುದು ಯಾರ ಬಾಯಲ್ಲಿ?

‘ತಿಥಿ’ಗೆ ಹೋದೆವಲ್ಲ ಅಂತೀರಿ. ಹೋದೆವು, 2016ರಲ್ಲಿ. ಮಂಡ್ಯದ ಹಳ್ಳಿಯವರೇ ನಟಿಸಿದ, ಗಡ್ಡಪ್ಪ ಹೆಗಲ ಮೇಲೆ ಟವೆಲ್ ಹಾಕ್ಕೊಂಡು ಊರಾಚೆ ಅಲೆಯುವ ಆ ಸಿನಿಮಾಕ್ಕೆ ಹಿಂದಿನ ವರ್ಷ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ಬಂದಿತ್ತು. ಸ್ವಿಟ್ಜರ್ಲೆಂಡಿನವರು ಸೀಲ್ ಹೊಡೆದು ಕಳಿಸಿದ ಮೇಲೆ ನಮಗೆ ಸೆಂಚುರಿ ಗೌಡ ಕಾಣಿಸಿದ. ಅವನು ಇಲ್ಲೇ, ಎಕ್ಸ್‌ಪ್ರೆಸ್ ಬಸ್ಸಿಗೆ ಎರಡು ಗಂಟೆ ದೂರದಲ್ಲೇ ಇದ್ದ.

ಹಳೇ ಸಿನಿಮಾಗಳ ವಿಷಯದಲ್ಲಂತೂ ಈ ಪದ ಶುದ್ಧ ಕಾಮಿಡಿ. ಶಂಕರ್ ನಾಗ್ ಅವರ ‘ಆಕ್ಸಿಡೆಂಟ್’ ನೋಡಿ ಯಾರೋ ಗ್ರೂಪಿನಲ್ಲಿ ಹಾಕಿದ್ದರು, ಅದೇ ಪದ. ಕುಡಿದ ದೊಡ್ಡ ಮನೆ ಹುಡುಗ ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಕಾರು ಹರಿಸುವ ಕಥೆ, ಹಾಡಿಲ್ಲ, ಇಳಯರಾಜ ಹಿನ್ನೆಲೆ ಸಂಗೀತ, ರಾಜಕಾರಣಿಯಾಗಿ ಅನಂತ್ ನಾಗ್. ಎಂಬತ್ತರ ದಶಕದಲ್ಲೇ ರಾಷ್ಟ್ರಪ್ರಶಸ್ತಿ ಪಡೆದ ಚಿತ್ರ. ‘ಘಟಶ್ರಾದ್ಧ’ಕ್ಕೂ ಅದೇ ಪದ! 1977ರ ಆ ಚಿತ್ರಕ್ಕೆ ಸ್ವರ್ಣಕಮಲ ಬಂದಿದೆ ಸ್ವಾಮಿ. ಅದಕ್ಕಿಂತ ಮೇಲಿನ ರೇಟಿಂಗ್ ಈ ದೇಶದಲ್ಲಿ ಇಲ್ಲ. 2024ರಲ್ಲಿ ಅದರ ಪ್ರಿಂಟನ್ನು ಸರಿಪಡಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದನ್ನು ಯಾರೂ ಕೀಳಾಗಿ ಅಳೆದಿಲ್ಲ, ನಾವು ನೋಡಿಲ್ಲ, ಅಷ್ಟೇ. ಎರಡೂ ಬೇರೆ ಬೇರೆ. ‘ನಾನು ಈವರೆಗೆ ನೋಡಿರಲಿಲ್ಲ’ ಅನ್ನೋದಕ್ಕೆ ನಾಚಿಕೆ ಆಗಿ ‘ಜಗತ್ತು ಇದನ್ನ ಗುರುತಿಸಲಿಲ್ಲ’ ಅಂತೀವಿ.

ಅಂದಹಾಗೆ ಘಟಶ್ರಾದ್ಧವನ್ನು ಮೊನ್ನೆ ಮತ್ತೆ ನೋಡಿದೆ. ಕಾಲೇಜಿನಲ್ಲಿ ನೋಡಿದಾಗ ಯಮುನಕ್ಕನ ಕಥೆ ಅಂದ್ಕೊಂಡಿದ್ದೆ. ಈ ಸಲ ನನ್ನ ಕಣ್ಣೆಲ್ಲ ನಾಣಿಯ ಮೇಲೆ. ಆ ಹುಡುಗನಿಗೆ ಎಲ್ಲ ಗೊತ್ತಾಗುತ್ತೆ, ಏನೂ ಅರ್ಥ ಆಗಲ್ಲ. ಅಕ್ಕನ ಪರವಾಗಿ ಏನೋ ಮಾಡಬೇಕು ಅನಿಸುತ್ತೆ, ಏನು ಅಂತ ತಿಳಿಯಲ್ಲ. ಕೊನೆಗೆ ಅಪ್ಪ ಕೈ ಹಿಡಿದು ಊರಿಗೆ ಕರ್ಕೊಂಡು ಹೋಗ್ತಾನೆ, ತಲೆ ಬೋಳಿಸಿಕೊಂಡ ಅವಳು ಮರದ ಕೆಳಗೆ ಕೂತಿರ್ತಾಳೆ. ಅದನ್ನು ನೋಡಿ ಫೋನ್ ತೆಗೆದು ಯಾರಿಗಾದರೂ ‘ಜೆಮ್’ ಅಂತ ಕಳಿಸುವ ಮನಸ್ಸು ನನಗಂತೂ ಬರಲಿಲ್ಲ.

‘ಕನ್ನಡ ಸಿನಿಮಾ ಉಳಿಸಿ’ ಅಂತ ಬೋರ್ಡ್ ಹಿಡಿದು ನಿಂತಿದ್ದೀನಿ ಅಂದ್ಕೋಬೇಡಿ. ಕನ್ನಡ ಅನ್ನೋ ಒಂದೇ ಕಾರಣಕ್ಕೆ ಹೋಗಿ ಎರಡೂವರೆ ಗಂಟೆ ಒದ್ದಾಡಿ ಬಂದಿದ್ದೂ ಇದೆ, ಇನ್ನು ಮುಂದೆ ಹಾಗೆ ಹೋಗಲ್ಲ. ಸಿನಿಮಾ ಟಿಕೆಟ್ ದಾನಪತ್ರ ಅಲ್ಲ. ಕೆಟ್ಟ ಸಿನಿಮಾ ಸೋಲಲಿ, ಬೇಗ ಸೋಲಲಿ. ಟ್ರೇಲರ್ ನೋಡಿ ನಿಮಗೇ ಆಸೆ ಹುಟ್ಟಿದ ಸಿನಿಮಾದ ಬಗ್ಗೆ ಅಷ್ಟೇ ನನ್ನ ಜಗಳ. ಆಸೆ ಹುಟ್ಟಿತ್ತು, ದುಡ್ಡಿತ್ತು, ಸಂಜೆ ಇತ್ತು, ಹೋಗಲಿಲ್ಲ. ಆಮೇಲೆ ಅತ್ತಿರಿ.

ಇಷ್ಟು ಬರೆದ ಮೇಲೆ ಸುಮ್ಮನೆ ಕೂರೋದು ಸರಿಯಲ್ಲ ಅಂತ ಈ ಶುಕ್ರವಾರ ಹೊಸಬರ ಒಂದು ಕನ್ನಡ ಸಿನಿಮಾಕ್ಕೆ ಬುಕ್ ಮಾಡಿದೆ, ಸಂಜೆ ಏಳೂಮುಕ್ಕಾಲಿನ ಶೋ. ಪಕ್ಕದ ಸೀಟಿನವನನ್ನೂ ಕರೆದೆ, ‘ರಿವ್ಯೂ ಬರ್ಲಿ ಗುರು’ ಅಂದ. ಸೀಟ್ ಮ್ಯಾಪಿನಲ್ಲಿ ನನ್ನದೊಂದು ಬಿಟ್ಟು ಉಳಿದದ್ದೆಲ್ಲ ಖಾಲಿ. ಆರೂವರೆಗೆ ಹೊರಡೋಣ ಅಂತ ಲ್ಯಾಪ್‌ಟಾಪ್ ಮುಚ್ಚುವಾಗ ಮೆಸೇಜ್ ಬಂತು, ಶೋ ರದ್ದಾಗಿದೆ, ದುಡ್ಡು ಐದರಿಂದ ಏಳು ದಿನದಲ್ಲಿ ವಾಪಸ್ ಬರುತ್ತದೆ.

ಯಾವ ಸಿನಿಮಾ ಅಂತ ಹೇಳಲ್ಲ. ಆರು ತಿಂಗಳು ಬಿಟ್ಟು ನೀವೇ ನನಗೆ ಹೇಳ್ತೀರಿ.