ಕಸಬಿನ ಇಂಗ್ಲೀಷು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಪಾಲಿಟೆಕ್ನಿಕ್ಕುಗಳಲ್ಲಿಯೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ನರ್ಸಿಂಗ್ ಶಾಲೆಗಳಲ್ಲಿಯೂ ಇಂಗ್ಲೀಷಿನ ಹೆಸರಿನಲ್ಲಿ ನಡೆಯುವ ಪಾಠಗಳನ್ನು ಕಂಡವರಿಗೆ ಈ ಗಾದೆಯು ನೆನಪಾಗದಿರದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ ಬಂದ ಹಳ್ಳಿಯ ಹುಡುಗನ ಬೇನೆ, ಯಂತ್ರಶಾಸ್ತ್ರದ ಗ್ರಂಥವು ತನಗೆ ಅರ್ಥವಾಗದೆಂಬುದು. ಅವನಿಗೆ ದೊರೆಯುವ ಮದ್ದಾದರೋ ಬಹುಮಟ್ಟಿಗೆ ಕೈಕುಲುಕುವ ಬಗೆ, ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುವ ಬಗೆ, ಸಂದರ್ಶನದಲ್ಲಿ ನಗುಮೊಗದಿಂದ ಕುಳಿತಿರುವ ಬಗೆ! ಇವನ್ನೆಲ್ಲ ಕಲಿತೂ ಅವನು ಯಂತ್ರಶಾಸ್ತ್ರದ ಪರೀಕ್ಷೆಯಲ್ಲಿ ಸೋತರೆ, ದೋಷವು ಅವನ ಬುದ್ಧಿಯದೆಂದು ತೀರ್ಪಾಗುವುದು. ಈ ತೀರ್ಪು ಅನ್ಯಾಯವಾದುದು.

ಶಾಸ್ತ್ರಾಭ್ಯಾಸಕ್ಕೂ ಉದ್ಯೋಗಕ್ಕೂ ತಕ್ಕ ಇಂಗ್ಲೀಷನ್ನು ಬೇರೆಯಾಗಿ ಕಲಿಸಬೇಕೆಂಬ ಪದ್ಧತಿಯು 1960ರ ದಶಕದಿಂದ ಬೆಳೆದುದು. ಅದರ ಮೂಲಸೂತ್ರವು ಸರಳವಾದುದು: ಪಠ್ಯವನ್ನು ಬರೆಯುವುದಕ್ಕೆ ಮೊದಲು, ಈ ವಿದ್ಯಾರ್ಥಿಗೆ ಈ ಭಾಷೆಯು ಯಾವ ಕಾರ್ಯಕ್ಕಾಗಿ ಬೇಕೆಂದು ಕೇಳತಕ್ಕದ್ದು. ಜಾನ್ ಮನ್ಬಿಯವರು 1978ರ ತಮ್ಮ ಗ್ರಂಥದಲ್ಲಿ ಈ ವಿಚಾರಣೆಗೆ ವಿಸ್ತಾರವಾದ ಕ್ರಮವನ್ನು ಹಾಕಿಕೊಟ್ಟರು. ಬೇಕಾದುದನ್ನು ಎಣಿಸಿದರೆ ಸಾಲದು, ಕಲಿಯುವವನು ಕಲಿಯುವ ಬಗೆಯನ್ನೂ ನೋಡಬೇಕೆಂದು ಹಚಿನ್ಸನ್ ಮತ್ತು ವಾಟರ್ಸ್ ಎಂಬವರು 1987ರಲ್ಲಿ ಅದನ್ನು ತಿದ್ದಿದರು. ಇಲ್ಲಿಯ ಪಾಠಗಳು ಆ ಪದ್ಧತಿಯ ಹೆಸರನ್ನು ಹೊತ್ತು, ಅದರ ಪ್ರಶ್ನೆಯನ್ನು ಮಾತ್ರ ಕೈಬಿಟ್ಟಿವೆ.

ಆ ಪ್ರಶ್ನೆಯ ಬೆಲೆಯನ್ನು ವಿಮಾನಯಾನದ ಚರಿತ್ರೆಯು ತಿಳಿಸುವುದು. 1990ರ ಜನವರಿ 25ರಂದು ಕೊಲಂಬಿಯದಿಂದ ನ್ಯೂಯಾರ್ಕಿಗೆ ಬರುತ್ತಿದ್ದ ಏವಿಯಾಂಕಾ ವಿಮಾನವು ಇಂಧನ ತೀರಿ ಲಾಂಗ್ ಐಲೆಂಡಿನಲ್ಲಿ ಬಿದ್ದು 73 ಮಂದಿ ಮಡಿದರು. ಅವಘಡಕ್ಕೆ ಬೇರೆ ಕಾರಣಗಳೂ ಇದ್ದುವು. ಆದರೂ ಇಂಧನವು ತೀರುತ್ತಿದೆಯೆಂದು ಹೇಳಿ ಆದ್ಯತೆಯನ್ನು ಬೇಡಿದ ಚಾಲಕರು, ನೆಲದವರು ಬೇರೆಲ್ಲವನ್ನೂ ಬಿಟ್ಟು ದಾರಿ ಕೊಡುವಂತೆ ಮಾಡುವ ‘ಎಮರ್ಜೆನ್ಸಿ’ ಎಂಬ ನಿಯತ ಪದವನ್ನು ಉಚ್ಚರಿಸಲಿಲ್ಲವೆಂಬುದು ನಿಶ್ಚಿತ. ಇಂಥ ದುರಂತಗಳ ಪಾಠದಿಂದಲೇ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 2003ರಲ್ಲಿ ಚಾಲಕರ ಭಾಷಾಜ್ಞಾನದ ನಿಯಮಗಳನ್ನು ಬಿಗಿಗೊಳಿಸಿತು. ಅಲ್ಲಿ ಕೊರತೆಯಾದುದು ಸಭ್ಯ ಸಂಭಾಷಣೆಯ ಇಂಗ್ಲೀಷಲ್ಲ, ಕಸಬಿನ ಇಂಗ್ಲೀಷು.

ಕಸಬಿನ ಇಂಗ್ಲೀಷೆಂದರೆ ಪಾರಿಭಾಷಿಕ ಶಬ್ದಗಳ ಪಟ್ಟಿಯೆಂದು ಬಗೆಯುವುದೂ ತಪ್ಪು. ತೀರ ಹೊಸದಾದ ಪದವನ್ನು ವಿದ್ಯಾರ್ಥಿಯು ಕೋಶವನ್ನು ನೋಡಿ ತಿಳಿದಾನು; ಮೋಸ ಮಾಡುವುದು ಪರಿಚಿತವೆಂದು ತೋರುವ ಪದ. ಲೋಕದ ಮಾತಿನಲ್ಲಿ ‘ಸ್ಟ್ರೆಸ್’, ‘ಸ್ಟ್ರೇನ್’ ಎರಡೂ ಹೆಚ್ಚುಕಡಿಮೆ ಒಂದೇ. ಯಂತ್ರಶಾಸ್ತ್ರದಲ್ಲಾದರೋ ಒಂದು, ವಿಸ್ತೀರ್ಣದ ಪ್ರತಿಯೊಂದು ಮಾನದ ಮೇಲೆ ಬೀಳುವ ಬಲ. ಇನ್ನೊಂದು, ಮೂಲ ಉದ್ದಕ್ಕೂ ಅದರಲ್ಲಾದ ವ್ಯತ್ಯಾಸಕ್ಕೂ ಇರುವ ಪ್ರಮಾಣ. ಮಾತಿನಲ್ಲಿ ‘ಪಾಸಿಟಿವ್’ ಎಂಬುದು ಶುಭ. ರಕ್ತಪರೀಕ್ಷೆಯ ವರದಿಯಲ್ಲಿ ಅನೇಕ ವೇಳೆ ರೋಗದ ಸುಳಿವು. ‘ಅನ್‌ಲೆಸ್’ ಎಂಬ ಒಂದು ಪದವನ್ನು ತಪ್ಪಾಗಿ ಓದಿದರೆ, ಔಷಧವನ್ನು ಕೊಡಕೂಡದೆಂಬ ಆಜ್ಞೆಯೇ ಕೊಡಬೇಕೆಂಬ ಆಜ್ಞೆಯಾಗುವುದು. ಇವನ್ನು ಕಲಿಸದ ಪಾಠವು ದಾದಿಯರಿಗೆ ಏತಕ್ಕೆ?

ಇಂಗ್ಲೀಷನ್ನು ಕಸಬಿಗೆ ಇಳಿಸಿದರೆ ಸಾಹಿತ್ಯದ ಸಂಸ್ಕಾರವು ಕೆಡುವುದೆಂದು ಕೆಲವರು ಮರುಗುವರು. ಷೇಕ್ಸ್‌ಪಿಯರನ ರಸಾಸ್ವಾದಕ್ಕೆ ಇಲ್ಲಿ ವಿರೋಧವಿಲ್ಲ. ಆದರೆ ಕೈಕುಲುಕುವ ಪಾಠದಲ್ಲಿ ಷೇಕ್ಸ್‌ಪಿಯರನೆಲ್ಲಿ? ಉದ್ಯೋಗ ಕೊಡುವವರು ನಿರರ್ಗಳವಾದ ಮಾತನ್ನೇ ಬಯಸುವರೆಂದು ಬೇರೆ ಕೆಲವರು ವಾದಿಸುವರು. ವಿಷಯವನ್ನರಿಯದ ನಿರರ್ಗಳತೆಯು ಸಂದರ್ಶನದ ಹೊಸ್ತಿಲನ್ನು ದಾಟಿಸೀತು, ಕಾರ್ಖಾನೆಯ ಮೊದಲ ದಿನವನ್ನು ದಾಟಿಸದು. ಇಂಗ್ಲೀಷಿನ ಉಪಾಧ್ಯಾಯರಿಗೆ ಯಂತ್ರಶಾಸ್ತ್ರವು ತಿಳಿಯದೆಂಬುದು ಮೂರನೆಯ ಆಕ್ಷೇಪ. ಇದು ನಿಜವಾದ ತೊಡಕು. ಆದರೆ ಪರಿಹಾರವಿಲ್ಲದ ತೊಡಕಲ್ಲ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ಟಿಮ್ ಜಾನ್ಸ್ ಮತ್ತು ಟೋನಿ ಡಡ್ಲಿ-ಎವನ್ಸ್ ಎಂಬವರು, ಭಾಷೆಯ ಅಧ್ಯಾಪಕನೂ ಶಾಸ್ತ್ರದ ಅಧ್ಯಾಪಕನೂ ಒಂದೇ ತರಗತಿಯಲ್ಲಿ ಕೂಡಿ ಪಾಠ ಹೇಳುವ ಪ್ರಯೋಗವನ್ನು ನಡೆಸಿ 1980ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಒಂದೇ ಕಟ್ಟಡದಲ್ಲಿರುವ ಇಬ್ಬರು ಅಧ್ಯಾಪಕರು ವಾರಕ್ಕೊಂದು ಗಂಟೆ ಕೂಡಿ ಕುಳಿತುಕೊಳ್ಳುವುದಕ್ಕೆ ಹೊಸ ಹಣವೇನೂ ಬೇಡ, ಮನಸ್ಸು ಬೇಕು.

ದೃಷ್ಟಾಂತಕ್ಕಾಗಿ ಹೊರನಾಡಿಗೇ ಹೋಗಬೇಕಾಗಿಯೂ ಇಲ್ಲ. ಅರ್ಥದ ಕಡೆಗೆ ಮನಸ್ಸು ತಿರುಗಿದಾಗಲೇ ಭಾಷೆಯು ನೆಲೆಗೊಳ್ಳುವುದೆಂಬ ತತ್ತ್ವವನ್ನು ಹಿಡಿದು ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗವು ಬೆಂಗಳೂರಿನ ಹೆಸರಿನಿಂದಲೇ ಲೋಕದಲ್ಲಿ ಪ್ರಸಿದ್ಧವಾಗಿದೆ.

ವಿದ್ಯಾರ್ಥಿಗೆ ಏನು ಬೇಕೆಂದು ನಿಜವಾಗಿ ಕೇಳಿದರೆ, ಉತ್ತರದ ಅರ್ಧವು ಕನ್ನಡವೇ ಆಗಿರುವುದು. ದಾದಿಯು ವೈದ್ಯರ ಟಿಪ್ಪಣಿಯನ್ನು ಓದುವುದು ಇಂಗ್ಲೀಷಿನಲ್ಲಿ. ಮಾತ್ರೆಯನ್ನು ಊಟಕ್ಕೆ ಮುಂಚೆ ನುಂಗಬೇಕೋ ಬಳಿಕವೋ ಎಂದು ಹಳ್ಳಿಯ ಮುದುಕಿಗೆ ತಿಳಿಸುವುದು ಕನ್ನಡದಲ್ಲಿ. ಈ ಎರಡರ ನಡುವಣ ಸೇತುವೆಯೇ ಅವಳ ಕಸಬು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಸಮ್ಮತಿಯಿತ್ತಿತು. ಹೀಗಿರಲು ಇಂಗ್ಲೀಷಿನ ತರಗತಿಯಲ್ಲಿ ಕನ್ನಡವನ್ನಾಡುವುದು ಅಪರಾಧವೆಂದು ಎಣಿಸುವುದು ಯಾವ ನ್ಯಾಯ? ಅರ್ಥವನ್ನು ಕನ್ನಡದಲ್ಲಿ ಹಿಡಿದ ಹುಡುಗನು ಅದರ ಇಂಗ್ಲೀಷು ರೂಪವನ್ನು ನಾಳೆ ಹಿಡಿದಾನು. ಅರ್ಥವೇ ಇಲ್ಲದೆ ಶಬ್ದವನ್ನು ಉರುಹೊಡೆದವನಿಗೆ ಎರಡು ಭಾಷೆಯೂ ಇಲ್ಲ, ಶಾಸ್ತ್ರವೂ ಇಲ್ಲ.

ಪಠ್ಯಗಳನ್ನು ನಿಯಮಿಸುವ ಮಂಡಲಿಗಳು ಮುಂದಿನ ಪುಸ್ತಕವನ್ನು ಅಚ್ಚಿಗೆ ಕಳುಹಿಸುವ ಮುನ್ನ ಒಂದು ದಿನ ಕಾರ್ಯಾಗಾರದಲ್ಲಿಯೂ ಒಂದು ದಿನ ಆಸ್ಪತ್ರೆಯ ವಾರ್ಡಿನಲ್ಲಿಯೂ ನಿಂತು ನೋಡಲಿ. ಅಲ್ಲಿ ಓದಲ್ಪಡುವುದೇನು, ಬರೆಯಲ್ಪಡುವುದೇನು, ಆಡಲ್ಪಡುವುದೇನು ಎಂಬುದನ್ನು ಕಂಡು ಬಂದವರು ಕೈಕುಲುಕುವ ಪಾಠವನ್ನು ಮತ್ತೆ ಬರೆಯಲಾರರು.