ಮಾದರಿ ರೈಲು ಎಂಜಿನಿನ ತೂಕ

ಗ್ರಾಮಾಂತರ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಮಾದರಿ ರೈಲಿಗೆ ಪ್ರೇಕ್ಷಕರ ಕೊರತೆ ಎಂದೂ ಇಲ್ಲ. ಬರಗೂರು ಸೀಮೆಯ ಮಕ್ಕಳಿಗಂತೂ ರೈಲು ನಿತ್ಯದ ನೋಟವಲ್ಲ. ಮಧುಗಿರಿ, ಪಾವಗಡಗಳ ಮೂಲಕ ಸಾಗಬೇಕಾದ ತುಮಕೂರು–ರಾಯದುರ್ಗ ಮಾರ್ಗದ ಮಾತನ್ನು ಕೇಳುತ್ತಲೇ ಅವರು ಬೆಳೆದಿದ್ದಾರೆ. ಆದರೆ ನಾಲ್ಕು ಬೋಗಿ ಜೋಡಿಸಿದೊಡನೆ ಎಂಜಿನಿನ ಗಾಲಿ ನಿಂತಲ್ಲೇ ಸುತ್ತುತ್ತದೆ. ತಿರುವಿನಲ್ಲಿ ಎಂಜಿನು ಮಗುಚುತ್ತದೆ. ಆಗ ಹೆಚ್ಚು ಶಕ್ತಿಯ ಮೋಟಾರಿಗಾಗಿ ದಾನಿಗಳನ್ನು ಕೇಳುವುದು ವಾಡಿಕೆ. ಈ ವಾಡಿಕೆ ತಪ್ಪು.

ಜಾರುವ ಗಾಲಿಯನ್ನು ತಿರುಗಿಸುವಷ್ಟು ಬಲ ಮೋಟಾರಿನಲ್ಲಿ ಆಗಲೇ ಇದೆ. ಹಳಿಯ ಮೇಲೆ ಹಿಡಿತವಿಲ್ಲ. ಚಾಲಕ ಗಾಲಿಗಳ ಮೇಲೆ ಬೀಳುವ ತೂಕವನ್ನು ಘರ್ಷಣ ಗುಣಾಂಕದಿಂದ ಗುಣಿಸಿದರೆ ದೊರೆಯುವುದೇ ಎಳೆತದ ಮಿತಿ. ಗುಣಾಂಕವು 0.25 ಎಂದಿಟ್ಟುಕೊಂಡರೆ, 400 ಗ್ರಾಂ ಎಂಜಿನು ಹೆಚ್ಚೆಂದರೆ 100 ಗ್ರಾಂ ತೂಕದಷ್ಟು ಬಲದಿಂದ ಎಳೆದೀತು; ಅರ್ಧ ತೂಕವು ಚಾಲನೆಯಿಲ್ಲದ ಗಾಲಿಗಳ ಮೇಲೆ ಬಿದ್ದರೆ 50 ಮಾತ್ರ. ಆದುದರಿಂದ ಕಬ್ಬಿಣದ ತುಂಡುಗಳನ್ನು ಚಾಲಕ ಅಚ್ಚುಗಳ ನಡುವೆ, ಆದಷ್ಟು ಕೆಳಗೆ ಕೂರಿಸಬೇಕು. ಮೇಲೆ ತುಂಬಿದ ತೂಕ ಹಿಡಿತವನ್ನು ಹೆಚ್ಚಿಸಿದರೂ ಸ್ಥಿರತೆಯನ್ನು ಕೆಡಿಸುತ್ತದೆ. (ಸೀಸ ಹೆಚ್ಚು ಭಾರವೆಂಬುದು ನಿಜ, ಮಕ್ಕಳ ಕೈಗೆ ಅದು ಸಲ್ಲದು.) ಗಾಲಿಗೆ ರಬ್ಬರಿನ ಬಳೆ ತೊಡಿಸುವ ಉಪಾಯವೂ ಉಂಟು, ಆದರೆ ಆ ಗಾಲಿ ಹಳಿಯಿಂದ ವಿದ್ಯುತ್ತನ್ನು ಪಡೆಯಲಾರದು.

ದೊಡ್ಡ ರೈಲಿಗೂ ಇದೇ ನಿಯಮ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಏರು 50ಕ್ಕೆ 1. ಅಲ್ಲಿ ಹೆಚ್ಚುವರಿ ಎಂಜಿನುಗಳನ್ನು ಜೋಡಿಸುತ್ತಾರೆ.

ದಾನಿಗಳು ಶಾಲೆಗೆ ಒಳ್ಳೆಯ ತಕ್ಕಡಿ, ಸ್ಪ್ರಿಂಗ್ ತ್ರಾಸು, ಒಂದೆರಡು ಅರ ಕೊಡಿಸಲಿ. ತೂಕ ಸೇರಿಸುತ್ತ, ಎಳೆತ ಅಳೆಯುತ್ತ, ಮೋಟಾರು ಬಿಸಿಯೇರುವ ಹಂತವನ್ನು ವಿದ್ಯಾರ್ಥಿಗಳೇ ಗುರುತಿಸಲಿ. ಆ ಅಂಕಿಗಳನ್ನು ಎಂಜಿನಿನ ಪಕ್ಕದಲ್ಲಿಯೇ ಫಲಕದ ಮೇಲೆ ಬರೆಯಿಸುವುದು ಅಧ್ಯಾಪಕರ ಕೆಲಸ.